ಮಿತವಾಗಿ ಕುಡಿಯಬಹುದೇ, ಸರ್?



ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಏಳುವ ಹೊತ್ತಿಗೆ ದೂರವಾಣಿ ಕರೆಯೊಂದು ಬಂದಿತು. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ನಾನು ಹಳಗನ್ನಡ ಪದ್ಯ ಓದುವಾಗಲೆಲ್ಲ ಕಿಟಕಿಯ ಹೊರಗಿನ ಗೇರುಮರವನ್ನೇ ನೋಡುತ್ತಿದ್ದ ಹುಡುಗ. ಈಗ ಅವನ ತಲೆಯೂ ನರೆತಿದೆ. ಮಗಳಿಗೆ ಮದುವೆ ನಿಶ್ಚಯವಾಗಿದೆಯಂತೆ. ವರ ಮಂಗಳೂರಿನ ಕಥೋಲಿಕ ಮನೆತನದವನು, ಇವನ ಕುಟುಂಬ ನಮ್ಮಂತೆಯೇ ಪ್ರೊಟೆಸ್ಟೆಂಟ್. ಸಂತೋಷದ ಸುದ್ದಿಯ ಹಿಂದೆಯೇ ಸಂಕಟದ ಸುದ್ದಿಯೂ ಬಂದಿತು. ಬೀಗರ ಪದ್ಧತಿಯಂತೆ ಆರತಕ್ಷತೆಯಲ್ಲಿ ವಧೂವರರಿಗೆ ಶುಭ ಕೋರಿ ಎಲ್ಲರೂ ವೈನ್ ಲೋಟ ಎತ್ತಬೇಕು. ಇವನ ಕಡೆಯ ಹಿರಿಯರಾದರೋ, ವೈನ್ ಇಟ್ಟರೆ ಸಭಾಂಗಣದ ಮೆಟ್ಟಿಲನ್ನೂ ತುಳಿಯುವುದಿಲ್ಲವೆಂದು ಪಟ್ಟುಹಿಡಿದಿದ್ದಾರೆ.

"ನೀವೇ ಹೇಳಿ ಸರ್, ಕ್ರೈಸ್ತರು ಮಿತವಾಗಿ ಕುಡಿಯಬಹುದೇ, ಇಲ್ಲವೇ?" ಎಂದು ಕೇಳಿದನು.

"ಇದು ಒಂದು ಅಂಕದ ಪ್ರಶ್ನೆಯೋ, ಹತ್ತು ಅಂಕದ್ದೋ?" ಎಂದೆ. ನಕ್ಕನು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ನನ್ನ ಶಿಷ್ಯರಲ್ಲಿ ಬಹುಮಂದಿ ಕ್ರೈಸ್ತರಲ್ಲ. ಅವರಲ್ಲಿ ಕೆಲವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ತೋರೀತು. ನಮ್ಮ ಸಿನಿಮಾಗಳಲ್ಲಿ ಕ್ರೈಸ್ತ ಪಾತ್ರವೊಂದು ಬಂದರೆ ಅದರ ಕೈಯಲ್ಲಿ ಬಾಟಲಿಯೊಂದು ಇರಲೇಬೇಕೆಂಬ ಅಲಿಖಿತ ನಿಯಮವಿದ್ದ ಹಾಗಿತ್ತಲ್ಲ! ಆದುದರಿಂದ ಮೊದಲಿಗೆ ಹೇಳಿಬಿಡುತ್ತೇನೆ: ಕರಾವಳಿಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬೆಳೆದ ನನ್ನ ತಲೆಮಾರಿನವರಿಗೆ ಮದ್ಯವೆಂದರೆ ಸಾಮಾನ್ಯವಾದ ಪಾಪವಲ್ಲ, ಪಾಪಗಳ ಯಜಮಾನ. ನನ್ನ ಅಜ್ಜಿ 'ಕಲಿ' ಎಂಬ ಶಬ್ದವನ್ನು ಬಾಯಿಯಿಂದ ಹೊರಡಿಸುತ್ತಿರಲಿಲ್ಲ. (ತುಳುವಿನಲ್ಲಿ ಕಲಿ ಎಂದರೆ ಸೇಂದಿ, ಕಳ್ಳು.) ಹೇಳಲೇಬೇಕಾಗಿ ಬಂದರೆ 'ಅದು' ಎನ್ನುತ್ತಿದ್ದರು, ಹಾವಿನ ಹೆಸರನ್ನು ರಾತ್ರಿ ಹೇಳದವರ ಹಾಗೆ.

ಈ ಭಯ ಎಲ್ಲಿಂದ ಬಂದಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬಾಸೆಲ್ ಮಿಶನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರ ಬೋಧನೆಯನ್ನು ಕೇಳಿ ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ನಮ್ಮ ಪೂರ್ವಜರೂ ಅವರಲ್ಲಿ ಸೇರಿದವರೇ. ಆ ಕಾಲದಲ್ಲಿ ಬಿಲ್ಲವರ ಮುಖ್ಯ ಕಸುಬುಗಳಲ್ಲೊಂದು ಮೂರ್ತೆದಾರಿಕೆ, ಅಂದರೆ ತಾಳೆಮರ, ತೆಂಗಿನ ಮರಗಳನ್ನೇರಿ ಹೊಂಬಾಳೆಯ ತುದಿ ಕೆತ್ತಿ ಕಳ್ಳು ಇಳಿಸುವುದು. ದೈವಗಳಿಗೆ ಅರ್ಪಿತವಾಗುತ್ತಿದ್ದುದೂ ಅದೇ ಕಳ್ಳು. ಆದ್ದರಿಂದ ಮಿಶನಿನವರ ದೃಷ್ಟಿಯಲ್ಲಿ ಕಳ್ಳು ಬರಿಯ ಅಮಲಿನ ಪ್ರಶ್ನೆಯಾಗಿರಲಿಲ್ಲ, ಹಳೆಯ ಆರಾಧನೆಯ ಪ್ರಶ್ನೆಯೂ ಆಗಿತ್ತು. ದೀಕ್ಷಾಸ್ನಾನ ಹೊಂದಿದವನು ಮತ್ತೆ ಆ ಮರವನ್ನು ಹತ್ತುವಂತಿರಲಿಲ್ಲ.

ಇದನ್ನು ಓದುವಾಗ ಸುಲಭವಾಗಿ ಕಾಣುತ್ತದೆ. ಆದರೆ ಯೋಚಿಸಿ ನೋಡಿ. ಒಬ್ಬ ಮನುಷ್ಯ ಹೊಸ ನಂಬಿಕೆಯನ್ನು ಒಪ್ಪಿದ ದಿನವೇ ಜಾತಿಬಾಂಧವರನ್ನು ಕಳೆದುಕೊಂಡನು, ಒಕ್ಕಲಿದ್ದ ಭೂಮಿಯನ್ನು ಅನೇಕ ವೇಳೆ ಕಳೆದುಕೊಂಡನು, ಅದರ ಮೇಲೆ ಕೈಯಲ್ಲಿದ್ದ ಒಂದೇ ವಿದ್ಯೆಯನ್ನೂ ಬಿಡಬೇಕಾಯಿತು. ಅವನು ಕುಡುಕನಾಗಿದ್ದನೆಂದಲ್ಲ. ನಿತ್ಯ ಬೆಳಿಗ್ಗೆ, ಸಂಜೆ ಅಷ್ಟೆತ್ತರದ ಮರಗಳನ್ನು ಏರಿ ಇಳಿಯುವವನು ಕುಡಿದು ಏರಿದರೆ ಉಳಿದಾನೆಯೇ? ಮಿಶನಿನವರು ನೇಯ್ಗೆಯ ಮಗ್ಗಗಳನ್ನು ಹಾಕಿದ್ದು, ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು, ಹೀಗೆ ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡುವ ಅಗತ್ಯದಿಂದಲೂ ಹೌದು. 'ಮಂಗಳೂರು ಹಂಚು' ಎಂದು ನಾವು ಅಭಿಮಾನಪಡುವ ಆ ಕೆಂಪು ಹಂಚಿನ ಹಿಂದೆ ಮರ ಇಳಿದು ಬಂದವರ ಕೈಗಳಿವೆ. ಅಜ್ಜಿ ಆ ಶಬ್ದವನ್ನು ಆಡದೆ ಇದ್ದುದಕ್ಕೆ ಅರ್ಥ ಈಗ ಆಗುತ್ತದೆ. ಅಷ್ಟು ಬೆಲೆ ತೆತ್ತು ಬಿಟ್ಟದ್ದನ್ನು ಮಕ್ಕಳು ಮೊಮ್ಮಕ್ಕಳು ಹಗುರವಾಗಿ ಎತ್ತಿಕೊಳ್ಳುವುದನ್ನು ಅವರು ಹೇಗೆ ಸಹಿಸಿಯಾರು!

ಹಾಗೆಂದು, ಅಜ್ಜಿಯ ನಿಯಮವೇ ದೇವರ ನಿಯಮವೆಂದು ಸಾಧಿಸಲು ಹೊರಟರೆ ಸತ್ಯವೇದ ನಮ್ಮ ಕೈಹಿಡಿಯುವುದಿಲ್ಲ. ಇದನ್ನು ನಮ್ಮವರೇ ಅನೇಕರು ಒಪ್ಪುವುದಿಲ್ಲವೆಂದು ಬಲ್ಲೆ. ಯೋಹಾನನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ, ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋದಾಗ ಯೇಸುಸ್ವಾಮಿ ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸಿದರು. ಅಲ್ಲಿ ಹೇಳಿರುವ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಒಟ್ಟು 500ರಿಂದ 700 ಲೀಟರ್ ಆಗುತ್ತದೆ. ಬಾಲ್ಯದಲ್ಲಿ ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದ್ದು, ಅದು ಹುಳಿಯದ ಸಿಹಿ ಹಣ್ಣಿನ ರಸ ಎಂದು. ಕನ್ನಡ ಮೇಷ್ಟ್ರಾಗಿ ಒಂದು ಮಾತು ಸೇರಿಸುತ್ತೇನೆ: ಈ ತಪ್ಪು ತಿಳಿವಳಿಕೆಗೆ ನಮ್ಮ ಭಾಷೆಯೂ ಸ್ವಲ್ಪ ಸಹಾಯ ಮಾಡಿದೆ. ದ್ರಾಕ್ಷಾರಸವೆಂದರೆ ಅಕ್ಷರಶಃ ದ್ರಾಕ್ಷಿಯ ರಸ ತಾನೇ? ಕಬ್ಬಿನ ರಸ, ನಿಂಬೆಯ ರಸ ಎಂಬಂತೆ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ಆದರೆ ಸತ್ಯವೇದದ ಕನ್ನಡದಲ್ಲಿ ನೋಹನು ಕುಡಿದು ಅಮಲೇರಿ ಬಿದ್ದುಕೊಂಡದ್ದೂ ದ್ರಾಕ್ಷಾರಸವನ್ನೇ. ಅದೇ ಶಬ್ದಕ್ಕೆ ಆದಿಕಾಂಡದಲ್ಲಿ ಒಂದು ಅರ್ಥ, ಕಾನಾದಲ್ಲಿ ಇನ್ನೊಂದು ಅರ್ಥ ಎನ್ನುವುದು ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಜಾಣತನ.

ಮರದಿಂದ ಇಳಿಸಿದ ರಸ ಏನಾಗುತ್ತದೆಂಬುದನ್ನು ಕರಾವಳಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮುಂಜಾನೆ ಸಿಹಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ನೊರೆಯೆದ್ದು ಹುಳಿಯಾಗುತ್ತದೆ; ಸಿಹಿಯಾಗಿಯೇ ಉಳಿಯಬೇಕಾದರೆ ಮಡಕೆಯ ಒಳಗೆ ಸುಣ್ಣ ಬಳಿದಿರಬೇಕು. ಹಾಗೆ ಉಳಿಸಿದ ರಸವನ್ನು ಕಾಯಿಸಿದರೆ ಓಲೆಬೆಲ್ಲ. ಪ್ಯಾಲೆಸ್ತೀನಿನಲ್ಲಿ ದ್ರಾಕ್ಷಿಯ ಕೊಯ್ಲು ಬೇಸಗೆಯ ಕೊನೆಯಲ್ಲಿ. ಕಾನಾದ ಮದುವೆಯಾದ ಮೇಲೆ ಪಸ್ಕಹಬ್ಬ ಹತ್ತಿರವಾಗಿತ್ತೆಂದು ಯೋಹಾನನು ಬರೆಯುತ್ತಾನೆ. ಅದು ಮಾರ್ಚ್-ಏಪ್ರಿಲ್ ತಿಂಗಳ ಹಬ್ಬ. ಅಷ್ಟು ತಿಂಗಳು, ಆ ಸೆಕೆಯ ನಾಡಿನಲ್ಲಿ, ರೆಫ್ರಿಜರೇಟರ್ ಇಲ್ಲದೆ ಹಣ್ಣಿನ ರಸ ಹುಳಿಯದೆ ಉಳಿದೀತೇ? ಹುಳಿಯದ ದ್ರಾಕ್ಷಿರಸವನ್ನು ಸೀಸೆಯಲ್ಲಿ ಉಳಿಸುವ ಉಪಾಯ ಅಮೆರಿಕದ ದಂತವೈದ್ಯ ಥಾಮಸ್ ವೆಲ್ಚ್ ಎಂಬವರಿಗೆ ಹೊಳೆದದ್ದು 1869ರಲ್ಲಿ, ಲೂಯಿ ಪಾಶ್ಚರರ ಸಂಶೋಧನೆಯ ನಂತರ. ಅವರು ಮೆಥೊಡಿಸ್ಟರು. ಕರ್ತನ ಭೋಜನದ ಪಾತ್ರೆಯಲ್ಲಿ ಮದ್ಯವಿರಬಾರದೆಂಬ ಉದ್ದೇಶದಿಂದಲೇ ಆ ಪ್ರಯೋಗ ಮಾಡಿದವರು. ಹತ್ತೊಂಬತ್ತನೆಯ ಶತಮಾನದ ಸೀಸೆಯನ್ನು ಒಂದನೆಯ ಶತಮಾನದ ಮೇಜಿನ ಮೇಲೆ ಇಡಲಾಗದು.

ಇನ್ನೂ ಇದೆ. ಸ್ನಾನಿಕನಾದ ಯೋಹಾನನು ಕುಡಿಯದೆ ಬಂದನು, ಯೇಸುಸ್ವಾಮಿ ಕುಡಿಯುವವರಾಗಿ ಬಂದರು. ಅದಕ್ಕಾಗಿಯೇ ಜನ ಅವರನ್ನು ಕುಡುಕನೆಂದು ಜರೆದರು ಎಂಬ ಪ್ರಸಂಗ ಲೂಕನ ಏಳನೆಯ ಅಧ್ಯಾಯದಲ್ಲಿದೆ. ಪೌಲನು ತಿಮೊಥೆಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ಕುಡಿಯಲು ಹೇಳುತ್ತಾನೆ. 104ನೆಯ ಕೀರ್ತನೆ ಅದನ್ನು ಮನುಷ್ಯನ ಹೃದಯವನ್ನು ಸಂತೋಷಪಡಿಸುವ ದೇವರ ದಾನಗಳ ಸಾಲಿನಲ್ಲಿ ರೊಟ್ಟಿ ಎಣ್ಣೆಗಳ ಜೊತೆ ಎಣಿಸುತ್ತದೆ. ನಮ್ಮ ಪ್ರೊಟೆಸ್ಟೆಂಟ್ ಪರಂಪರೆಯ ಮೂಲಪುರುಷರಾದ ಲೂಥರರ ಮನೆಯಲ್ಲಿ ಅವರ ಪತ್ನಿ ಕ್ಯಾಥರೀನಾ ಬಿಯರನ್ನು ತಾವೇ ತಯಾರಿಸುತ್ತಿದ್ದರು. ಅಷ್ಟೇಕೆ, ಬಾಸೆಲ್ ಮಿಶನಿಗೆ ಬಹಳಷ್ಟು ಪಾದ್ರಿಗಳನ್ನು ಕೊಟ್ಟ ವುರ್ಟೆಂಬರ್ಗ್ ಪ್ರಾಂತ್ಯವೇ ದ್ರಾಕ್ಷಿತೋಟಗಳ ನಾಡು! ಇಷ್ಟೆಲ್ಲ ಇರುವಾಗ, ಒಂದು ಲೋಟ ವೈನ್ ಕುಡಿದವನನ್ನು ಪಾಪಿಯೆಂದು ಕರೆಯುವ ಅಧಿಕಾರ ನಮ್ಮ ಹಿರಿಯರಿಗಿಲ್ಲ. ಅದೇ ಗ್ರಂಥ ಕುಡಿತದ ಅಮಲನ್ನು ಎಲ್ಲೂ ಕ್ಷಮಿಸುವುದಿಲ್ಲವೆಂಬುದೂ ಅಷ್ಟೇ ಸ್ಪಷ್ಟ. ಜ್ಞಾನೋಕ್ತಿಗಳ 23ನೆಯ ಅಧ್ಯಾಯದ ಕೊನೆಯ ಭಾಗವನ್ನು ಒಮ್ಮೆ ಓದಿರಿ. ಕೆಂಗಣ್ಣು, ಕಾರಣವಿಲ್ಲದ ಗಾಯ, ಹಡಗಿನಲ್ಲಿ ಮಲಗಿದವನ ತೂರಾಟ, ಎದ್ದೊಡನೆ ಮತ್ತೆ ಅದನ್ನೇ ಹುಡುಕುವ ಚಪಲ. ಬರೆದವನು ಕುಡುಕನೊಬ್ಬನನ್ನು ಹತ್ತಿರದಿಂದ ನೋಡಿದವನೇ ಇರಬೇಕು.

ಕಾನಾದ ಕಥೆಯನ್ನು ಉತ್ಸಾಹದಿಂದ ಉದಾಹರಿಸುವವರಿಗೂ ಒಂದು ಲೆಕ್ಕ ಕೊಡುತ್ತೇನೆ. ಆ ಕಾಲದಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವುದು ವಾಡಿಕೆ. ಶೇಕಡಾ 12ರಷ್ಟು ಮದ್ಯಸಾರವಿರುವ ವೈನಿಗೆ ಎರಡು ಪಾಲು ನೀರು ಸೇರಿಸಿದರೆ ಉಳಿಯುವುದು ಶೇಕಡಾ 4. ಭಟ್ಟಿ ಇಳಿಸಿದ ಮದ್ಯ ಅಂದು ಇರಲೇ ಇಲ್ಲ. ನಮ್ಮಲ್ಲಿ ಮಾರುವ ವಿಸ್ಕಿಯ ಬಾಟಲಿಯ ಮೇಲೆ ಶೇಕಡಾ 42.8 ಎಂದು ಅಚ್ಚಾಗಿರುತ್ತದೆ. 180 ಮಿಲಿಲೀಟರಿನ ಒಂದು 'ಕ್ವಾರ್ಟರ್'ನಲ್ಲಿ 77 ಮಿಲಿಲೀಟರ್ ಶುದ್ಧ ಮದ್ಯಸಾರ. ಅಷ್ಟು ಮದ್ಯಸಾರ ಒಳಗೆ ಹೋಗಬೇಕಾದರೆ ನೀರು ಬೆರೆಸಿದ ಆ ದ್ರಾಕ್ಷಾರಸವನ್ನು ಹತ್ತಿರ ಹತ್ತಿರ ಎರಡು ಲೀಟರ್ ಕುಡಿಯಬೇಕು. ಕ್ವಾರ್ಟರ್ ಖಾಲಿ ಮಾಡಿ ಕಾನಾದ ಹೆಸರು ಹೇಳುವವರು ದಯವಿಟ್ಟು ಗಣಿತದ ಮೇಷ್ಟ್ರನ್ನೂ ಕೇಳಲಿ.

ಇನ್ನು 'ದಿನಕ್ಕೊಂದು ಲೋಟ ಹೃದಯಕ್ಕೆ ಒಳ್ಳೆಯದು' ಎಂಬ ಮಾತು. 1990ರ ದಶಕದಲ್ಲಿ ಅದು ಎಲ್ಲೆಡೆ ಕೇಳಿಬರುತ್ತಿತ್ತು. ನಾನೂ ಶಿಕ್ಷಕರ ಕೋಣೆಯಲ್ಲಿ ಹೇಳಿದ್ದುಂಟು. ಮದ್ಯವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಹೇಳಿತ್ತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ತಿಮೊಥೆಯ ಕಾಲದಲ್ಲಿ ನೀರು ನಂಬುವಂತಿರಲಿಲ್ಲ. ಇಂದು ಹೊಟ್ಟೆನೋವಿಗೆ ಮಾತ್ರೆಯಿದೆ. ಅಷ್ಟು ಸಾಕು.

ಇಲ್ಲಿಯವರೆಗಿನದು ಪುಸ್ತಕ ನೋಡಿ ಬರೆಯಬಹುದಾದ ಉತ್ತರ. ನನಗೆ ನಿದ್ದೆ ಬರದೆ ಹೋದದ್ದು ಬೇರೆ ವಿಷಯಕ್ಕೆ. ಅದನ್ನು ಬರೆಯಲು ಒಬ್ಬರ ಅನುಮತಿ ಬೇಕಿತ್ತು. ಕೇಳಿದೆ, "ಬರೆಯಿರಿ ದೊಡ್ಡಪ್ಪ, ಹೆಸರು ಮಾತ್ರ ಬೇಡ" ಎಂದಳು. ಅವಳೂ ಇದನ್ನು ಓದುವವಳೇ.

ನನ್ನ ಚಿಕ್ಕಪ್ಪನ ಮಗನೊಬ್ಬನಿದ್ದ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. ಕೈ ಬಹಳ ಚುರುಕು. ತಲೆಕೆಳಗಾದ ಅಕ್ಷರಗಳನ್ನು ನಾವು ನೇರ ಅಕ್ಷರ ಓದುವುದಕ್ಕಿಂತ ವೇಗವಾಗಿ ಓದುತ್ತಿದ್ದ. ಮದುವೆಯಾಗಿ ಕೆಲವು ವರ್ಷಗಳ ಮೇಲೆ ಕುಡಿತಕ್ಕೆ ಬಿದ್ದ. ಮನೆಯ ಪಾತ್ರೆಗಳು ಮಾರಾಟವಾದವು. ಹೆಂಡತಿ ಬೀಡಿ ಕಟ್ಟಿ ಸಂಸಾರ ನಡೆಸಿದಳು. 1996ರ ಜನವರಿಯಲ್ಲಿ, ಯಾರ ಮಾತಿಗೂ ಅಲ್ಲ, ಅವನಾಗಿಯೇ ನಿಲ್ಲಿಸಿದ. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟಕ್ಕೆ ಹೋಗಲಾರಂಭಿಸಿದ. (ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ನಿಂತು ಆರಂಭಿಸಿದ ಕೂಟವಿದು. ಮೊದಲ ಗುಟುಕನ್ನು ಇಂದು ಕುಡಿಯದಿರುವುದು ಎಂಬಷ್ಟೇ ಅವರ ನಿತ್ಯದ ಗುರಿ.) ಹನ್ನೊಂದು ತಿಂಗಳು ಕಳೆದವು. ಮುಖದ ಊತ ಇಳಿಯಿತು. ಮಗಳು ನನ್ನ ಶಾಲೆಯಲ್ಲಿಯೇ ಎಂಟನೆಯ ತರಗತಿ. ತಂದೆ ಹೊಸ ಚಪ್ಪಲಿ ಕೊಡಿಸಿದ್ದಾರೆಂದು ಬಂದು ತೋರಿಸಿದ್ದಳು.

ಆ ವರ್ಷದ ಕ್ರಿಸ್ಮಸ್ ದಿನ ಕುಟುಂಬವೆಲ್ಲ ನಮ್ಮ ಮನೆಯಲ್ಲಿ ಸೇರಿತ್ತು. ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯ ಶಿಸ್ತೂ ಸಡಿಲಾಗಿತ್ತು. ನೆರೆಯ ಕಥೋಲಿಕ ಅಮ್ಮನವರಿಂದ ಕಲಿತು ನನ್ನ ಪತ್ನಿ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಈಸ್ಟ್ ಹಾಕಿ ಭರಣಿಯಲ್ಲಿ ವೈನ್ ಮಾಡುತ್ತಿದ್ದಳು. ಬಾಯಿಗೆ ಬಟ್ಟೆ ಕಟ್ಟಿ, ದಿನವೂ ಮರದ ಸೌಟಿನಿಂದ ತಿರುವಿ, ಇಪ್ಪತ್ತೊಂದು ದಿನಕ್ಕೆ ಸೋಸುವುದು. ಸಣ್ಣ ಸಣ್ಣ ಲೋಟಗಳಲ್ಲಿ ಕೇಕಿನ ಜೊತೆ ಎಲ್ಲರಿಗೂ ಕೊಟ್ಟೆವು. ತಮ್ಮನ ಸರದಿ ಬಂದಾಗ ಅವನು ಕೈ ಅಡ್ಡ ಹಿಡಿದು, "ಬೇಡ ಅಣ್ಣ" ಎಂದ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಹತ್ತಾರು ಜನರ ಎದುರು, ಮೇಷ್ಟ್ರ ಧಾಟಿಯಲ್ಲಿ, "ಇದೇನು ಸಾರಾಯಿಯೇ? ಅತ್ತಿಗೆ ಮಾಡಿದ್ದು. ಕಾನಾ ಊರಿನಲ್ಲಿ ಸ್ವಾಮಿಯೇ ಮಾಡಿಕೊಟ್ಟದ್ದು. ಮಿತವಾಗಿ ಕುಡಿದರೆ ಪಾಪವೆಂದು ಸತ್ಯವೇದದಲ್ಲಿ ಎಲ್ಲಿದೆ, ತೋರಿಸು ನೋಡೋಣ" ಎಂದೆ. ಎಲ್ಲರೂ ನಕ್ಕರು. ಅವನ ಹೆಂಡತಿ ಮಾತ್ರ ನಗಲಿಲ್ಲ. ಅವನು ಅವಳತ್ತ ಒಮ್ಮೆ ನೋಡಿದ, ಲೋಟ ತೆಗೆದುಕೊಂಡ, ಒಂದೇ ಗುಟುಕಿಗೆ ಕುಡಿದ. ಅವನು ಕುಡಿದ ರೀತಿ ಇಂದಿಗೂ ನನ್ನ ಕಣ್ಣಮುಂದಿದೆ. ಔಷಧ ಕುಡಿಯುವವರು ಹಾಗೆ ಕುಡಿಯುತ್ತಾರೆ.

ಹೊಸ ವರ್ಷದ ಆರಾಧನೆಗೆ ಅವನು ಬರಲಿಲ್ಲ. ಆಮೇಲೆ ಮೂರು ವರ್ಷ. ಅಚ್ಚುಕೂಟದ ಕೆಲಸ ಹೋಯಿತು. ಆ ಹುಡುಗಿ ನನ್ನ ತರಗತಿಯಲ್ಲಿ ಕುಳಿತಿರುತ್ತಿದ್ದಳು, ಒಂಬತ್ತರಲ್ಲಿ, ಹತ್ತರಲ್ಲಿ; ಮಳೆಗಾಲದಲ್ಲಿ ಬರಿಗಾಲಿನಲ್ಲಿ. ನಾನು ಹಾಜರಿ ಕರೆಯುವಾಗ ಅವಳ ಹೆಸರು ಬಂದಾಗಲೆಲ್ಲ ತಲೆಯೆತ್ತಿ ನೋಡಲಾಗುತ್ತಿರಲಿಲ್ಲ. ಶುಲ್ಕ ಕಟ್ಟಿದೆ, ಪುಸ್ತಕ ತೆಗೆಸಿಕೊಟ್ಟೆ. ಅದನ್ನು ಉಪಕಾರವೆಂದು ಅವಳ ತಾಯಿ ನೆನೆಯುವಾಗ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

1999ರ ಕೊನೆಯಲ್ಲಿ ಅವನು ಮತ್ತೊಮ್ಮೆ ಬಿಟ್ಟ. ಈ ಸಲ ಬಿಟ್ಟದ್ದು 2014ರಲ್ಲಿ ಯಕೃತ್ತು ಕೆಟ್ಟು ಸಾಯುವವರೆಗೂ ಉಳಿಯಿತು. ಸಾಯುವುದಕ್ಕೆ ಕೆಲವು ವರ್ಷ ಮುನ್ನ, ನಮ್ಮ ಜಗಲಿಯಲ್ಲಿ ಒಂದು ಸಂಜೆ ಧೈರ್ಯ ಮಾಡಿ ಆ ಕ್ರಿಸ್ಮಸ್ಸಿನ ಮಾತೆತ್ತಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಅಂಗಳ ನೋಡುತ್ತಿದ್ದು ಹೇಳಿದ: "ಕುಡಿದದ್ದು ನಾನು ಅಣ್ಣ, ನೀವಲ್ಲ. ಲೋಟ ಕೊಟ್ಟವರು ಬೇಕಾದಷ್ಟು ಜನ ಇದ್ದರು, ಅವರಿಗೆ ಬೇಡ ಎನ್ನಲು ಕಲಿತಿದ್ದೆ. ನೀವು ವಾಕ್ಯ ಹೇಳಿಬಿಟ್ಟಿರಿ. ಅದಕ್ಕೆ ಎದುರು ಮಾತು ನನ್ನಲ್ಲಿರಲಿಲ್ಲ."

ನಾನು ಅಂದು ಹೇಳಿದ ವಾಕ್ಯದಲ್ಲಿ ತಪ್ಪಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ. ಮೇಲೆ ಬರೆದ ವಾದವೆಲ್ಲ ಅಂದಿಗೂ ಸರಿ, ಇಂದಿಗೂ ಸರಿ. ಅದೇ ಸರಿಯಾದ ವಾದವನ್ನು ಒಬ್ಬ ದುರ್ಬಲನ ಎದೆಗೆ ಇಟ್ಟು ಒತ್ತಿದೆ. ಪೌಲನಿಗೆ ಇದು ಗೊತ್ತಿತ್ತು. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಅವನು ಎಲ್ಲ ಆಹಾರವೂ ಶುದ್ಧವೆಂದು ಮೊದಲು ಒಪ್ಪುತ್ತಾನೆ. ಆಮೇಲೆ, ಸಹೋದರನು ಎಡವಿಬೀಳುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಡುವುದೇ ಒಳ್ಳೆಯದೆನ್ನುತ್ತಾನೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ನಮ್ಮ ಕಡೆಯ ಹಿರಿಯರು ಎರಡನೆಯ ಅರ್ಧವನ್ನು ಮರೆತಿದ್ದಾರೆ. ನಾನು ಮೊದಲನೆಯದನ್ನು ಮರೆತಿದ್ದೆ.

'ಮಿತ' ಎಂಬ ಶಬ್ದದ ಮೇಲೆ ನನಗೆ ನಂಬಿಕೆ ಕಡಿಮೆಯಾದದ್ದು ಹೀಗೆ. ಕೆಲವರಿಗೆ ಒಂದು ಲೋಟ ಒಂದು ಲೋಟವೇ, ಅಲ್ಲಿಗೆ ಮುಗಿಯಿತು. ನನ್ನ ನೆರೆಯ ಕಥೋಲಿಕ ಹಿರಿಯರು ವರ್ಷಕ್ಕೆ ನಾಲ್ಕೈದು ಮದುವೆಗಳಲ್ಲಿ ಲೋಟ ಎತ್ತಿ ತೊಂಬತ್ತು ವರ್ಷ ಬದುಕಿದರು, ಯಾರ ಮನೆಯನ್ನೂ ಹಾಳುಮಾಡಲಿಲ್ಲ. ಅವರ ಮೇಜಿನ ಮೇಲೆ ವೈನ್ ಎಲ್ಲರೆದುರು ಇರುತ್ತಿತ್ತು. ನಮ್ಮವರಲ್ಲಿ ಕೆಲವರು ಭಾನುವಾರ ಬೆಳಿಗ್ಗೆ ಮದ್ಯಪಾನದ ವಿರುದ್ಧ ಪ್ರಾರ್ಥಿಸಿ ಸಂಜೆ ಪತ್ರಿಕೆಯಲ್ಲಿ ಸುತ್ತಿದ ಬಾಟಲಿಯೊಡನೆ ಹಿತ್ತಿಲ ಬಾಗಿಲಿನಿಂದ ಒಳಬರುವುದನ್ನೂ ಕಂಡಿದ್ದೇನೆ. ಎರಡರಲ್ಲಿ ಯಾವುದು ಪ್ರಾಮಾಣಿಕವೆಂದು ಕೇಳಿದರೆ ನೆರೆಯವರದ್ದೇ. ಆದರೆ ಇನ್ನೊಬ್ಬನಿಗೆ ಒಂದು ಲೋಟ ಒಂದು ಲೋಟವಾಗಿ ಉಳಿಯುವುದಿಲ್ಲ, ಮತ್ತು ಅವನು ಯಾರೆಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ಮೊದಲ ಲೋಟದ ದಿನ ಅವನಿಗೂ ಗೊತ್ತಿರುವುದಿಲ್ಲ. ನನಗಾದರೋ ನನ್ನ ತಮ್ಮನ ವಿಷಯ ಗೊತ್ತಿತ್ತು. ಆ ನೆಪವೂ ನನಗಿಲ್ಲ.

ಅವನು ಮತ್ತೆ ಆರಾಧನೆಗೆ ಬರತೊಡಗಿದ ಮೇಲೆ ಕರ್ತನ ಭೋಜನದಲ್ಲಿ ರೊಟ್ಟಿಯನ್ನು ಮಾತ್ರ ತೆಗೆದುಕೊಂಡು ಪಾತ್ರೆಯ ಸರದಿಗೆ ಮುನ್ನ ಎದ್ದು ಹೋಗುತ್ತಿದ್ದ. ಅದನ್ನು ಕೆಲವರು ನೋಡಿ ಪಿಸುಗುಟ್ಟುತ್ತಿದ್ದರು. ಸಭಾ ಸಮಿತಿಯಲ್ಲಿ ನಾನು ಹುಳಿಯದ ದ್ರಾಕ್ಷಿರಸವನ್ನು ಬಳಸೋಣವೆಂದು ಸೂಚಿಸಿದಾಗ ಎರಡು ಸಭೆಗಳ ಕಾಲ ಚರ್ಚೆಯಾಯಿತು. ಒಬ್ಬ ಹಿರಿಯರು, "ಒಬ್ಬನಿಗಾಗಿ ಇಡೀ ಸಭೆ ಪದ್ಧತಿ ಬದಲಿಸಬೇಕೇ ಮೇಷ್ಟ್ರೇ?" ಎಂದರು. ಪಾತ್ರೆಯನ್ನು ಬದಲಿಸಲು ಕಥೋಲಿಕರಿಗೆ ಅವರ ಕಾನೂನು ಬಿಡುವುದಿಲ್ಲ, ನಿಜವಾದ ದ್ರಾಕ್ಷಾರಸವೇ ಆಗಬೇಕು; ನಮಗೆ ಆ ಸ್ವಾತಂತ್ರ್ಯವಿದೆ. ಇದ್ದೂ ಬಳಸದಿದ್ದರೆ ಹೇಗೆ ಎಂದೆ. ಥಾಮಸ್ ವೆಲ್ಚರ ವಾದವನ್ನು ಒಪ್ಪದೆಯೇ ಅವರ ಸೀಸೆಯನ್ನು ಒಪ್ಪಿದೆ ಎನ್ನಿ! ಕೊನೆಗೆ ಸಭಾಪಾಲಕರೇ ತೀರ್ಮಾನ ಮಾಡಿದರು. ಮುಂದಿನ ತಿಂಗಳು ಅವನು ಪಾತ್ರೆಯ ಸರದಿಯವರೆಗೂ ಮೊಣಕಾಲೂರಿ ಇದ್ದ.

ಸತ್ಯವೇದದಲ್ಲಿ ನನಗೆ ಈಚೆಗೆ ಹೆಚ್ಚು ಹತ್ತಿರವಾಗಿರುವ ಪ್ರಸಂಗ ಯೆರೆಮೀಯನ 35ನೆಯ ಅಧ್ಯಾಯದ್ದು. ರೇಕಾಬ್ಯರೆಂಬ ಕುಲದವರನ್ನು ಪ್ರವಾದಿಯು ದೇವಾಲಯದ ಕೊಠಡಿಗೆ ಕರೆದು ದ್ರಾಕ್ಷಾರಸವನ್ನು ಮುಂದಿಟ್ಟನು. ನಮ್ಮ ಮೂಲಪುರುಷನಾದ ಯೋನಾದಾಬನು ಬೇಡವೆಂದಿದ್ದಾನೆ, ಆದುದರಿಂದ ನಾವು ಕುಡಿಯುವುದಿಲ್ಲ ಎಂದರು. ದೇವರು ಅವರ ನಿಷ್ಠೆಯನ್ನು ಮೆಚ್ಚಿದನು. ಆದರೆ ಇಸ್ರಾಯೇಲರೆಲ್ಲರೂ ಹಾಗೆಯೇ ಇರಬೇಕೆಂದು ಆಜ್ಞೆ ಮಾಡಲಿಲ್ಲ. ನಾವು ಕರಾವಳಿಯವರು ಒಂದು ಬಗೆಯ ರೇಕಾಬ್ಯರು. ಮರ ಇಳಿದು ಬಂದ ಮುತ್ತಜ್ಜನ ಮಾತನ್ನು ನಡೆಸುವುದು ನಮಗೆ ಗೌರವದ ವಿಷಯ. ಅದನ್ನು ಬೀಗರ ಮನೆಯವರ ಮೇಲೆ ಆಜ್ಞೆಯೆಂದು ಹೇರುವುದಕ್ಕೆ ನಾವು ಯಾರು? ಮಿಶನಿನವರು ಆ ಮೂರ್ತೆದಾರನ ವಿದ್ಯೆಯನ್ನು ಕೀಳೆಂದು ಎಣಿಸಿದ್ದೂ ಅನ್ಯಾಯವೇ ಎಂದು ನನಗನಿಸುತ್ತದೆ. ಅಜ್ಜಿ ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು.

ನಾನು 1996ರ ಆ ಭರಣಿಯ ನಂತರ ಕುಡಿದಿಲ್ಲ. ಇದನ್ನು ಪುಣ್ಯವೆಂದು ಎಣಿಸಬೇಡಿ, ನನಗೆ ಅದರ ರುಚಿ ಅಷ್ಟಾಗಿ ಹತ್ತಿರಲೂ ಇಲ್ಲ. ಭರಣಿ ಈಗಲೂ ಇದೆ; ಅದರಲ್ಲಿ ನನ್ನ ಪತ್ನಿ ಉಪ್ಪಿನಲ್ಲಿ ಮಾವಿನಮಿಡಿ ಹಾಕಿಡುತ್ತಾಳೆ.

ಮೂರು ದಿನ ಬಿಟ್ಟು ಶಿಷ್ಯನಿಗೆ ನಾನೇ ದೂರವಾಣಿ ಮಾಡಿದೆ. ಕುಡಿಯಬಹುದು, ಪಾಪವಲ್ಲ ಎಂದು ಮೊದಲು ಹೇಳಿದೆ. ನಿನ್ನ ಕಡೆಯ ಹಿರಿಯರಿಗೆ ನನ್ನ ಹೆಸರು ಹೇಳಿಯೇ ತಿಳಿಸು ಎಂದೆ. ಆಮೇಲೆ ಕೇಳಿದೆ: "ನಾಳೆ ಸಭಾಂಗಣದಲ್ಲಿ ಐನೂರು ಜನ ಇರುತ್ತಾರೆ. ಅವರಲ್ಲಿ ಹನ್ನೊಂದು ತಿಂಗಳಿನಿಂದ ಬಿಟ್ಟವನೊಬ್ಬ ಇರಬಹುದು. ಅವನ ಕೈಗೆ ಲೋಟ ಬಂದಾಗ ಎಲ್ಲರೂ ಅವನನ್ನೇ ನೋಡುವಂತೆ ಆಗಬೇಕೇ?" ಅತ್ತಲಿಂದ ಬಹಳ ಹೊತ್ತು ಮಾತು ಬರಲಿಲ್ಲ. "ನನ್ನ ಭಾವಮೈದುನನೇ ಇದ್ದಾನೆ ಸರ್" ಎಂದನು.

ಬೀಗರಿಗೆ ಅವನು ಅದನ್ನು ಹೇಗೆ ತಿಳಿಸಿದನೋ ಕಾಣೆ. ನಿನ್ನೆ ಮತ್ತೆ ಕರೆ ಬಂದಿತು. ವರನ ತಾಯಿಯೇ ದಾರಿ ತೋರಿಸಿದರಂತೆ: ವೈನಿನ ಲೋಟಗಳಲ್ಲಿಯೇ ಎಲ್ಲರಿಗೂ ಪುನರ್ಪುಳಿ ಶರಬತ್ತು. ಬಣ್ಣವೂ ಅದೇ, ಮೇ ತಿಂಗಳ ಸೆಕೆಗೆ ಹಿತವೂ ಹೌದು. ಶುಭ ಕೋರುವ ನಾಲ್ಕು ಮಾತನ್ನು ನಾನೇ ಆಡಬೇಕೆಂದು ಅವರ ಒತ್ತಾಯ. ಒಪ್ಪಿದ್ದೇನೆ. ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡಿದರೆ ಲೋಟ ಹಿಡಿದು ನಿಂತವರ ಕೈ ನೋಯುತ್ತದೆಂದು ನನ್ನ ಪತ್ನಿ ಈಗಲೇ ಎಚ್ಚರಿಸಿದ್ದಾಳೆ.